ಮಾತಿಲ್ಲದ ಅಲೆ

"ತಾತ, ನಿಲ್ಲಿಸಿ. ಬಂತು."

ಅಲ್ಥಿಯಾ ಕಿಟಕಿಯ ಗಾಜಿಳಿಸಿ ಆಂಟೆನಾವನ್ನು ಹೊರಗೆ ಚಾಚುವಷ್ಟರಲ್ಲಿ ನಾನು ಪಿಕಪ್ಪನ್ನು ಜಲ್ಲಿ ರಸ್ತೆಯ ಅಂಚಿಗೆ ಎಳೆದಿದ್ದೆ. ಅವಳ ಮಡಿಲಲ್ಲಿದ್ದ ಪುಟ್ಟ ರೇಡಿಯೋ ಸೆಟ್ಟು ಸುಮ್ಮನಾಗಿತ್ತು. ಆ ಮೌನವನ್ನೇ ನಾವು ಹುಡುಕುತ್ತಿದ್ದುದು. ಖಾಲಿ ರೇಡಿಯೋ ಯಾವಾಗಲೂ ಸುಯ್ಯೆನ್ನುತ್ತಿರುತ್ತದೆ. ಎಲ್ಲೋ ಯಾರೋ ಮಾತಾಡಲು ಮೈಕಿನ ಗುಂಡಿ ಒತ್ತಿದರೆ ಆ ಸದ್ದು ನಿಲ್ಲುತ್ತದೆ. ಆಮೇಲೆ ಮಾತು ಬರಬೇಕು. ಇಲ್ಲಿ ಬರುವುದಿಲ್ಲ. ಯಾರೋ ಬಾಗಿಲು ತೆರೆದು, ಹೊಸಿಲಲ್ಲೇ ನಿಂತು, ಏನೂ ಹೇಳದೆ ನಮ್ಮನ್ನೇ ನೋಡುತ್ತಿರುವ ಹಾಗೆ.

"ಉಸಿರಾಡ್ತಿದ್ದಾರೆ, ಕೇಳಿ," ಅಂದಳು.

ನನ್ನ ಕಿವಿಗೆ ಅಷ್ಟು ಸಣ್ಣದು ಈಗ ಕೇಳಿಸುವುದಿಲ್ಲ. ಕೇಳಿಸಿದವನ ಹಾಗೆ ತಲೆಯಾಡಿಸಿದೆ.

ಮೊದಲ ಹಿಮ ಬಿದ್ದಂದಿನಿಂದ ಇದೇ ಕಾಟ. ನಮ್ಮ ಹವ್ಯಾಸಿ ರೇಡಿಯೋ ಕ್ಲಬ್ಬಿನ ಹುಡುಗರು ಸಂಜೆ ರೇಡಿಯೋದಲ್ಲಿ ಮಾತಿಗೆ ಕೂತರೆ ಸಾಕು, ಯಾರೋ ಗುಂಡಿ ಒತ್ತಿ ಹಿಡಿಯುತ್ತಾನೆ. ಅವನು ಬಿಡುವ ತನಕ ಬೇರೆಯವರ ಮಾತು ಯಾರಿಗೂ ಮುಟ್ಟುವುದಿಲ್ಲ. ಚಿಕ್ಕ ಹುಡುಗರು ಹೆದರಿ ಬರುವುದನ್ನೇ ಬಿಟ್ಟಿದ್ದಾರೆ. ಇವತ್ತು ಮಧ್ಯಾಹ್ನದ ಊಟವಾದ ಮೇಲೆ ಸಭೆ. ಅಷ್ಟರೊಳಗೆ ಒತ್ತುವವನು ಯಾರೆಂದು ಗೊತ್ತಾಗದಿದ್ದರೆ ತಪ್ಪು ಅಲ್ಥಿಯಾಳ ತಲೆಗೆ. ಅವಳು ಕ್ಲಬ್ಬಿನ ಕೀಲಿಕೈ ಕೊಟ್ಟು ಹೋಗಬೇಕು, ಹುಡುಗರ ಕೋಣೆಗೆ ಬೀಗ.

"ಬೇಗ ತಿರುಗಿಸಮ್ಮ. ಬಿಟ್ಟುಬಿಡ್ತಾನೆ."

"ತಿರುಗಿಸ್ತಿದ್ದೀನಿ. ನೀವು ಸ್ವಲ್ಪ ತಲೆ ಬಗ್ಗಿಸಿ, ಮೂಗಿಗೆ ಹೊಡೆದೀತು."

ಬಡಗಿಯ ಅಳತೆ ಟೇಪನ್ನು ತುಂಡು ಮಾಡಿ ಪ್ಲಾಸ್ಟಿಕ್ ಪೈಪಿಗೆ ಬಿಗಿದು ಮಾಡಿದ ಆಂಟೆನಾ ಅದು. ಅಲೆ ಬರುವ ಕಡೆಗೆ ಮೂತಿ ಮಾಡಿದರೆ ಸೆಟ್ಟಿನ ಪಟ್ಟಿಗಳು ಮೇಲಕ್ಕೇರುತ್ತವೆ, ಬೇರೆ ಕಡೆಗೆ ತಿರುಗಿಸಿದರೆ ಇಳಿಯುತ್ತವೆ. ನಮ್ಮೂರು ಡನ್‌ವೇಲಿನ ಹಳೆಯ ಬೇಕರಿಯ ಹಿಂಭಾಗದಲ್ಲಿ ಕ್ಲಬ್ಬಿನ ಕೋಣೆ ಮಾಡಿದಾಗ ಹುಡುಗರು ಮೊದಲು ಬಂದದ್ದು ಬಿಸಿ ಕೋಣೆಗೆ, ಪುಕ್ಕಟೆ ಇಂಟರ್ನೆಟ್ಟಿಗೆ. ಯಾರೋ ಕೊಟ್ಟ ಹಳೆ ಸೋಫಾದಲ್ಲಿ ಬಿದ್ದುಕೊಂಡು ಫೋನು ನೋಡುತ್ತಿದ್ದರು. ಒಂದು ಶನಿವಾರ ಈ ಆಂಟೆನಾ ಮಾಡಲು ಕೂರಿಸಿದೆವು. ಊರಲ್ಲೆಲ್ಲೋ ಪುಟ್ಟ ರೇಡಿಯೋ ಬಚ್ಚಿಟ್ಟು ಹುಡುಕಲು ಬಿಟ್ಟೆವು. ನರಿ ಬೇಟೆ ಅನ್ನುತ್ತೇವೆ ಆ ಆಟಕ್ಕೆ. ಅವತ್ತಿನಿಂದ ಸೋಫಾ ಖಾಲಿ, ಬೆಂಚು ಭರ್ತಿ.

ಎಲ್ಲರಿಗಿಂತ ಮೊದಲು ನರಿ ಹಿಡಿದವಳು ಈ ಅಲ್ಥಿಯಾ ಪಾಸ್ಕುವಾ. ಹದಿನಾರರ ಹುಡುಗಿ. ತಾಯಿ ವೃದ್ಧಾಶ್ರಮದ ಅಡಿಗೆಮನೆಯಲ್ಲಿ ಕೆಲಸ. ವಸಂತದಲ್ಲಿ ಪರೀಕ್ಷೆ ಪಾಸು ಮಾಡಿ ರೇಡಿಯೋ ಲೈಸೆನ್ಸ್ ತಗೊಂಡಾಗ ಅವಳಮ್ಮ ದೊಡ್ಡ ತಟ್ಟೆ ತುಂಬ ತಮ್ಮ ನಾಡಿನ ಪನ್ಸಿತ್ ಶಾವಿಗೆ ತಂದು ಎಲ್ಲರಿಗೂ ಬಡಿಸಿದ್ದಳು.

ಸೆಟ್ಟು ಮತ್ತೆ ಸುಯ್ಯೆಂದಿತು. ಒತ್ತಿದ್ದವನು ಬಿಟ್ಟಿದ್ದ.

"ಎಲ್ಲಿ ತೋರಿಸ್ತು?"

ಅಲ್ಥಿಯಾ ಕೈ ಚಾಚಿದಳು. ಹಿಮ ತೆಳ್ಳಗೆ ಹೊದ್ದ ಗೋಧಿ ಕೂಳೆಯ ಆಚೆ, ನದಿಯ ತಗ್ಗಿನ ಕಡೆಗೆ. ಅವಳ ಮನೆ ಅಲ್ಲಿಲ್ಲ. ಅದು ನಮ್ಮ ಬೆನ್ನ ಹಿಂದೆ, ಊರಿನಲ್ಲಿ, ಎತ್ತರದ ಗೋಧಿ ಕಣಜದ ಪಕ್ಕದಲ್ಲಿದೆ.

"ಹಂಗಾದ್ರೆ ವರ್ನ್ ಸರ್‌ಗೆ ಯಾಕೆ ನಮ್ಮನೆ ಕಡೆ ತೋರಿಸ್ತು?"

ನನ್ನನ್ನೂ ಕಾಡುತ್ತಿದ್ದುದು ಅದೇ. ವರ್ನ್ ಸಿಗರ್ಡ್‌ಸನ್ ನಮ್ಮ ಕ್ಲಬ್ಬಿನ ಅಧ್ಯಕ್ಷ. ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವನು. ಗುರುವಾರ ಎಲ್ಲರೆದುರು ನಕ್ಷೆ ಹರಡಿ, ಸ್ಮಶಾನದ ದಿಬ್ಬದಿಂದ ಒಂದು ಗೆರೆ ಎಳೆದ. ಗೆರೆ ಕಣಜವನ್ನು ದಾಟಿ ನೇರವಾಗಿ ಪಾಸ್ಕುವಾ ಮನೆಗೆ ಹೋಯಿತು.

"ಸಂಜೆ ಮಾತು ನಡೆಸೋಕೆ ರೆಮಿಯನ್ನ ಆರಿಸಿದ್ವಿ, ಇವಳಿಗೆ ಬೇಜಾರಾಗಿತ್ತು," ಅಂದಿದ್ದ. "ರೆಮಿ ಮಾತಾಡಿದ್ರೆ ಅಡ್ಡ ಬರುತ್ತೆ. ಇವಳು ಮಾತಾಡುವಾಗ ಒಂದ್ಸಲನೂ ಬಂದಿಲ್ಲ. ನಾನು ಇನ್ನೇನೂ ಹೇಳಲ್ಲ."

ಅಲ್ಥಿಯಾ ನಕ್ಷೆಯ ಮೇಲಿನ ಗೆರೆಯನ್ನೊಮ್ಮೆ ನೋಡಿದಳು. ಸಂಜೆ ತಾಯಿಗೆ ಡ್ಯೂಟಿ, ತಮ್ಮನನ್ನು ನೋಡಿಕೊಂಡು ಅವಳೊಬ್ಬಳೇ ಮನೆಯಲ್ಲಿರುತ್ತಾಳೆ. ಒತ್ತಿದ್ದು ಅವಳಲ್ಲ ಎಂದು ಹೇಳಲು ನೋಡಿದವರು ಯಾರು? ಬೆಂಚಿನ ಮೇಲಿದ್ದ ತನ್ನ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಹೋದಳು. ಅದು ಹೋದ ಜಾಗ ನನ್ನ ಕಣ್ಣಿಗೆ ಇನ್ನೂ ಖಾಲಿ ಕಾಣುತ್ತದೆ. ಪತ್ತೆ ಮಾಡಲು ಸಭೆಯ ತನಕ ಟೈಮು ಕೊಡಿ ಎಂದು ನಾನೇ ಕೇಳಿದ್ದೆ. ರೈಲು ಹಳಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತವನು. ಟೈಮೊಂದು ನನ್ನ ಹತ್ತಿರ ಬೇಕಾದಷ್ಟಿದೆ.

"ತಾತ, ದಿಬ್ಬದಿಂದಲೇ ಯಾಕೆ ನೋಡ್ತೀರಿ ಎಲ್ರೂ?"

"ಊರಿಗೆಲ್ಲ ಅದೇ ಎತ್ತರ. ನಾವು ಹುಡುಗರಾಗಿದ್ದಾಗಿನಿಂದ ಅಲ್ಲಿಂದಲೇ ನೋಡೋದು."

"ಮಧ್ಯ ಕಣಜ ಬರುತ್ತಲ್ಲ."

"ಬಂದ್ರೇನು? ಅದು ಯಾವಾಗ್ಲೂ ಅಲ್ಲೇ ಇತ್ತು."

"ಯಾವಾಗ್ಲೂ ಸ್ಟೀಲಿಂದೇ ಇತ್ತಾ?"

ನಾನು ಕನ್ನಡಿಯಲ್ಲಿ ಹಿಂದಿನ ಕಣಜದತ್ತ ನೋಡಿದೆ.

ಹಳೆಯದು ಮರದ ಕಣಜ. ಅದನ್ನು ಕೆಡವಿದ ದಿನ ಊರೆಲ್ಲ ಕುರ್ಚಿ ತಂದು ರಸ್ತೆಯಲ್ಲಿ ಕೂತಿತ್ತು. ನಾನೂ ಕೂತಿದ್ದೆ. ಮಗ್ಗುಲಿಗೆ ಬಿದ್ದಾಗ ಎದ್ದ ಧೂಳು ಸಂಜೆಯ ತನಕ ಇಳಿಯಲಿಲ್ಲ. ಮರದೊಳಗಿಂದ ಅಲೆ ಸಲೀಸಾಗಿ ಹಾದು ಹೋಗುತ್ತದೆ. ಆಮೇಲೆ ಅದೇ ಜಾಗದಲ್ಲಿ ಸ್ಟೀಲಿನ ದುಂಡು ಕಣಜಗಳು ಎದ್ದವು. ಸ್ಟೀಲು ಹಾಗಲ್ಲ. ಕನ್ನಡಿ ಬೆಳಕನ್ನು ಎಸೆಯುವ ಹಾಗೆ ಅಲೆಯನ್ನು ತಿರುಗಿಸಿ ಎಸೆಯುತ್ತದೆ. ನದಿಯ ತಗ್ಗಿನಿಂದ ಹೊರಟದ್ದು ಕಣಜಕ್ಕೆ ಬಡಿದು ದಿಬ್ಬಕ್ಕೆ ಬಂದರೆ, ದಿಬ್ಬದಲ್ಲಿ ನಿಂತವನಿಗೆ ಅದು ಕಣಜದ ಹಿಂದಿನಿಂದಲೇ ಬಂದ ಹಾಗೆ.

ನಮ್ಮ ಕಣ್ಣೆದುರೇ ಕಣಜ ಬದಲಾಗಿತ್ತು. ದಿಬ್ಬಕ್ಕೆ ಹತ್ತುವ ನಮ್ಮ ಕಾಲು ಬದಲಾಗಿರಲಿಲ್ಲ.

"ನಂಗೆ ಮರದ್ದು ಗೊತ್ತೇ ಇಲ್ಲ," ಅಂದಳು ಅಲ್ಥಿಯಾ. "ನಾವು ಬಂದಾಗ್ಲೇ ಇದಿತ್ತು."

"ನಡಿ. ಇನ್ನೊಂದು ಕಡೆಯಿಂದ ನೋಡೋಣ."

ಚರ್ಚಿನ ಮೂಲೆಗೆ ಹೋಗಿ ನಿಂತೆವು. ಇನ್ನೊಮ್ಮೆ ಕರೆ ಕೊಡು ಎಂದು ಅಲ್ಥಿಯಾ ಫೋನಿನಲ್ಲಿ ರೆಮಿಗೆ ಹೇಳಿದಳು. ಕ್ಲಬ್ಬಿನ ಕೋಣೆಯಲ್ಲಿ ಕೂತಿದ್ದ ಆ ಹುಡುಗ ರೇಡಿಯೋದಲ್ಲಿ ಎಂದಿನ ಹಾಗೆ ಕೇಳಿದ: "ಯಾರಾದ್ರೂ ಕೇಳಿಸ್ಕೊಳ್ತಿದ್ದೀರಾ? ಇದ್ರೆ ಹೇಳಿ."

ಅವನು ಬಾಯಿ ಮುಚ್ಚಿದ್ದೇ ತಡ, ಆ ಮೌನ ಬಂತು. ಅಲ್ಥಿಯಾ ತಿರುಗಿಸಿದಳು. ಮತ್ತೆ ನದಿಯ ಕಡೆಗೆ. ಫೋನಿನ ನಕ್ಷೆಯಲ್ಲಿ ಎರಡು ಗೆರೆ ಎಳೆದಳು. ಅವು ಒಂದನ್ನೊಂದು ಕತ್ತರಿಸಿದ ಜಾಗದಲ್ಲಿ ಒಂದೇ ಒಂದು ಮನೆ.

"ಅದು ಆಲ್ವಿನ್ ಟೇವ್ಸ್ ಮನೆ," ಅಂದೆ. "ಅಲ್ಲಿ ಯಾರೂ ಇಲ್ಲಮ್ಮ. ಹೋದ ಚಳಿಗಾಲ ಮಗಳ ಮನೆಗೆ ಅಂತ ಕೆಲೋನಾಗೆ ಹೋದೋನು ವಾಪಸ್ ಬಂದಿಲ್ಲ."

ಅಲ್ಥಿಯಾ ಗಾಜಿನಾಚೆ ನೋಡುತ್ತಿದ್ದಳು.

"ಹೊಗೆ ಬರ್ತಿದೆ ತಾತ."

ಪಿಕಪ್ಪನ್ನು ನದಿಯ ಕಡೆಗೆ ತಿರುಗಿಸಿದೆ. ಆಲ್ವಿನ್‌, ವರ್ನ್, ನಾನು, ಮೂವರೂ ಸೇರಿ ಕಟ್ಟಿದ ಕ್ಲಬ್ಬು ಅದು. ಹುಡುಗರಿಗೆ ಕೋಣೆ ಬೇಕು ಅಂದಾಗ ಆಲ್ವಿನ್‌ ಬೇಡ ಅಂದಿದ್ದ. "ಗಲಾಟೆ ಆಗುತ್ತೆ. ರೇಡಿಯೋ ಕೇಳೋದಕ್ಕೆ ನಿಶ್ಶಬ್ದ ಬೇಕು" ಅಂದಿದ್ದ. ನನಗೊಂದು ಮಾತೂ ಹೇಳದೆ ಊರು ಬಿಟ್ಟಾಗ, ಕೋಪ ಮಾಡಿಕೊಂಡು ಹೋದ ಅಂದುಕೊಂಡೆವು. ಕೋಪ ಇಲ್ಲಿಗೆ ಬಂತೇ? ಕತ್ತಲಲ್ಲಿ ಕೂತು ಮಕ್ಕಳ ಬಾಯಿ ಮುಚ್ಚಿಸುವುದಕ್ಕೆ?

ಅಂಗಳದ ಹಿಮವನ್ನು ಯಾರೋ ಗುದ್ದಲಿಯಿಂದ ಅಚ್ಚುಕಟ್ಟಾಗಿ ತೆಗೆದಿದ್ದರು. ಬಾಗಿಲು ತಟ್ಟಿದೆ. ಬಹಳ ಹೊತ್ತಾಯಿತು. ಕೋಲಿನ ಸದ್ದು. ಬಾಗಿಲು ತೆರೆಯಿತು.

ಆಲ್ವಿನ್‌ ನನ್ನನ್ನು ನೋಡಿದ. ಅವನ ಮುಖದ ಅರ್ಧ ನಕ್ಕಿತು.

"ಸರಿ ಸರಿ," ಅಂದ.

ಒಳಗೆ ಒಲೆ ಉರಿಯುತ್ತಿತ್ತು. ಡಬ್ಬದ ಸೂಪು ಪಾತ್ರೆಯಲ್ಲೇ ಆರಿತ್ತು, ಚಮಚ ಒಂದೇ. ಕಿಟಕಿಯ ಪಕ್ಕ ಮೇಜಿನ ಮೇಲೆ ರೇಡಿಯೋ. ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು. ಮೈಕು ಮೇಜಿನ ತುದಿಯಲ್ಲಿ, ಅವನ ಕುರ್ಚಿಯ ಎಡಕ್ಕೆ.

"ನೀನೇನೋ?" ಅಂದೆ.

"ಸರಿ ಸರಿ."

"ನಾಚಿಕೆ ಆಗಲ್ವಾ ನಿಂಗೆ? ಈ ಹುಡುಗೀನ ಕಳ್ಳಿ ಥರ ಹೊರಗೆ ಹಾಕ್ತಿದ್ದಾರೆ ಇವತ್ತು. ನಿನ್ನಿಂದ."

ಅವನು ಅಲ್ಥಿಯಾಳ ಕಡೆ ನೋಡಿದ. ಹುಬ್ಬು ಒಂದು ಮೇಲೇರಿತು, ಇನ್ನೊಂದು ಏರಲಿಲ್ಲ. "ಸರಿ. ಸರಿ ಸರಿ."

"ತಮಾಷೆ ಮಾಡ್ತೀಯೇನೋ? ಮುಖ ನೋಡಿ ಉತ್ತರ ಕೊಡು. ಯಾಕೆ ಒತ್ತಿದೆ?"

"ಸರಿ ಸರಿ ಸರಿ," ಅಂದ. ಈ ಸಲ ಧ್ವನಿ ಒಡೆದಿತ್ತು. ಮೇಜಿಗೆ ಎಡಗೈಯಿಂದ ಗುದ್ದಿದ. ಚಮಚ ಕೆಳಗೆ ಬಿತ್ತು.

"ತಾತ, ಬೈಬೇಡಿ," ಅಂದಳು ಅಲ್ಥಿಯಾ. ಅವಳ ಧ್ವನಿ ಬಹಳ ಮೆಲ್ಲಗಿತ್ತು. "ಅವರಿಗೆ ಬೇರೆ ಮಾತು ಬರಲ್ಲ."

"ಏನಂದೆ?"

"ಅಮ್ಮ ಕೆಲಸ ಮಾಡೋ ಕಡೆ ಒಬ್ರಿದ್ದಾರೆ. ಅವರು ಏನೇ ಕೇಳಿದ್ರೂ 'ಮಂಗಳವಾರ' ಅಂತಾರೆ. ಪಾರ್ಶ್ವವಾಯು ಆದ್ಮೇಲೆ. ಒಳಗೆಲ್ಲ ಗೊತ್ತಿರುತ್ತಂತೆ. ಬಾಯಿಗೆ ಮಾತ್ರ ಆ ಒಂದೇ ಬರೋದು."

ಆಗ ನೋಡಿದೆ. ಅವನ ಬಲಗೈ ಮಡಿಲಲ್ಲಿ ಮಗುಚಿ ಬಿದ್ದಿತ್ತು, ಬೇರೆ ಯಾರದೋ ಕೈಯನ್ನು ಅಲ್ಲಿ ಇಟ್ಟುಹೋದ ಹಾಗೆ. ಬಾಯಿಯ ಒಂದು ಮೂಲೆ ಜಾರಿತ್ತು. ಈ ಕೈಯಲ್ಲಿ ಆ ಅಂಗಳದ ಹಿಮ ತೆಗೆದವನು ಇವನಲ್ಲ ಅನ್ನುವುದೂ ಹೊಳೆಯಿತು.

ಅಲ್ಥಿಯಾ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

"ನಾನು ಅಲ್ಥಿಯಾ. ಸಂಜೆ ನೀವು ನಮ್ಮ ಮಾತು ಕೇಳ್ತೀರಾ?"

ಆಲ್ವಿನ್‌ ತಲೆಯಾಡಿಸಿದ.

"ರೆಮಿ ಕೇಳ್ತಾನಲ್ಲ, ಯಾರಾದ್ರೂ ಇದ್ದೀರಾ ಅಂತ. ಅದಕ್ಕೆ ಉತ್ತರ ಕೊಡೋಕೆ ಹೋಗ್ತೀರಾ?"

ಅವನು ಎಡಗೈ ಚಾಚಿ ಮೈಕು ತೆಗೆದುಕೊಂಡ. ಗುಂಡಿ ಒತ್ತಿದ. ಬಾಯಿ ತೆರೆದ. ಕತ್ತಿನ ನರ ಬಿಗಿದವು, ಹಣೆಯಲ್ಲಿ ಬೆವರು ಬಂತು. ನಾಲಿಗೆ ಒಂದು ಅಕ್ಷರವನ್ನು ಹುಡುಕುತ್ತಾ ಬಾಯೊಳಗೆ ತಡಕಾಡಿತು. ಅಲ್ಥಿಯಾಳ ಸೆಟ್ಟಿನಲ್ಲಿ ಸುಯ್ಯೆನ್ನುವುದು ನಿಂತಿತು. ಮೌನ. ಅದರ ತಳದಲ್ಲಿ ಉಸಿರು. ಈಗ ನನಗೂ ಕೇಳಿಸಿತು, ಎದುರಿಗೇ ಇದ್ದನಲ್ಲ.

ಅವನು ಕಾಯುತ್ತಿದ್ದ. ಮಾತು ಬಂದೀತು ಎಂದು. ಅದಕ್ಕೇ ಬಿಡುತ್ತಿರಲಿಲ್ಲ.

"ಹಾಗಾದ್ರೆ ಮೋರ್ಸ್ ಕೋಡ್ ಹೊಡಿಯೋದಲ್ವೇನೋ?" ಅಂದೆ. ನಮ್ಮ ಕಾಲದವರಿಗೆ ಅದು ನಿದ್ದೆಯಲ್ಲೂ ಬರುತ್ತಿತ್ತು. "ಚುಕ್ಕೆ, ಗೆರೆ. ಬೆರಳು ಸಾಕಲ್ಲ."

ಅವನು ಬೆರಳನ್ನು ಎತ್ತಿ ನೋಡಿಕೊಂಡ. ಮೇಜಿನ ಮೇಲೆ ಇಟ್ಟ. ಎತ್ತಲೇ ಇಲ್ಲ. ಒಂದೇ ಉದ್ದ ಗೆರೆ. ಅಕ್ಷರಗಳೂ ಹೊರಟು ಹೋಗಿದ್ದವು.

ರೇಡಿಯೋ ಕೇಳಲು ನಿಶ್ಶಬ್ದ ಬೇಕು ಅಂದವನು. ಬೇಕಾದಷ್ಟು ಸಿಕ್ಕಿತ್ತು ಅವನಿಗೆ. ಸಂಜೆಯಾದರೆ ಮಕ್ಕಳ ಗಲಾಟೆಗೆ ಕಿವಿ ಕೊಟ್ಟು ಕೂತಿರುತ್ತಿದ್ದ.

"ನಾನು ಮಾತಾಡುವಾಗ ಯಾಕೆ ಬರ್ತಿರ್ಲಿಲ್ಲ ಗೊತ್ತಾ ತಾತ?" ಅಂದಳು ಅಲ್ಥಿಯಾ. "ನಾನು ಯಾವತ್ತೂ ಕೇಳೇ ಇಲ್ಲ. ಯಾರಾದ್ರೂ ಇದ್ದೀರಾ ಅಂತ."

ಅಷ್ಟರಲ್ಲಿ ನನ್ನ ಜೇಬಿನ ಸೆಟ್ಟಿನಿಂದ ವರ್ನ್‌ನ ಧ್ವನಿ ಬಂತು. ಹಿಂದೆ ಕುರ್ಚಿಗಳನ್ನು ಎಳೆಯುವ ಸದ್ದು. ಸಭೆ ಸೇರಿತ್ತು.

"ಸ್ಟೆಫ್, ಎಲ್ಲಿದ್ದೀಯ? ಎಲ್ರೂ ಬಂದಾಗಿದೆ. ಹೆಸರು ಸಿಕ್ಕಿದ್ರೆ ಹೇಳು. ಇಲ್ಲಾಂದ್ರೆ ಇಲ್ಲ ಅನ್ನು. ನಾವು ಶುರು ಮಾಡ್ತೀವಿ."

ನಾನು ಸೆಟ್ಟು ಹೊರಗೆ ತೆಗೆದೆ. ಆಲ್ವಿನ್‌ ತನ್ನ ರೇಡಿಯೋದ ಮೇಲೆ ಕೈಯಿಟ್ಟ. ಮುಚ್ಚಿಕೊಂಡ ಅನ್ನಬೇಕು. ಹೆಸರು ಹೇಳಿದರೆ ಏನಾಗುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಕಟ್ಟಳೆ ಬರೆದವರು ನಾವೇ. ಅಡ್ಡ ಬಂದವನ ಕೈಯಲ್ಲಿ ಸೆಟ್ಟು ಉಳಿಯಬಾರದು. ಊರೆಲ್ಲ ಇಲ್ಲಿಗೆ ಬರುತ್ತದೆ. ತನ್ನನ್ನು ಹೀಗೆ ಯಾರೂ ನೋಡಬಾರದೆಂದು ಬಾಗಿಲು ಹಾಕಿಕೊಂಡವನನ್ನು ಸುತ್ತ ನಿಂತು ನೋಡುತ್ತದೆ.

ಹೇಳದಿದ್ದರೆ ಈ ಹುಡುಗಿ.

"ಹೇಳ್ಬೇಡಿ," ಅಂದಳು ಅಲ್ಥಿಯಾ.

"ಹುಚ್ಚಾ ನಿಂಗೆ? ನಿನ್ನ ಹೆಸರು ಕೆಡುತ್ತೆ."

"ನಾನು ಹೆಂಗೂ ಓದೋಕೆ ಹೊರಟುಹೋಗ್ತೀನಿ, ವಿನ್ನಿಪೆಗ್ಗಿಗೋ ಎಲ್ಲಿಗೋ. ಇವರು ಎಲ್ಲಿಗೆ ಹೋಗ್ತಾರೆ?"

"ಅಮ್ಮಂಗೆ ಏನು ಹೇಳ್ತೀಯ?"

ಅವಳು ಎದ್ದಳು. ಕೆಳಗೆ ಬಿದ್ದಿದ್ದ ಚಮಚ ಎತ್ತಿ ತೊಳೆಯುವ ತೊಟ್ಟಿಗೆ ಹಾಕಿದಳು. ಕೈ ಒರೆಸಿಕೊಂಡಳು. ಆಮೇಲೆ ನಾನು ತಡೆಯುವಷ್ಟರಲ್ಲಿ ತನ್ನ ಸೆಟ್ಟಿನ ಗುಂಡಿ ಒತ್ತಿದ್ದಳು.

"ವರ್ನ್ ಸರ್, ಅಲ್ಥಿಯಾ ಮಾತಾಡ್ತಿರೋದು. ಸ್ಟೆಫ್ ತಾತನ್ನ ಕೇಳ್ಬೇಡಿ. ಅದು ನಾನೇ..."

ನನ್ನ ಸೆಟ್ಟು ಕಿರ್ರೆಂದು ಕಿರುಚಿತು. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿದ ಹಾಗೆ. ಎರಡು ಅಲೆ ಒಂದರ ಮೇಲೊಂದು ಬಿದ್ದಾಗ ಬರುವ ಸದ್ದು ಅದು. ಆಲ್ವಿನ್‌ ಮೈಕನ್ನು ಎದೆಗವಚಿಕೊಂಡು, ಇದ್ದ ಒಂದು ಕೈಯಲ್ಲಿ ಗುಂಡಿಯನ್ನು ಬಲವಾಗಿ ಒತ್ತಿದ್ದ. ಅವಳು ಬಾಯಿ ಮುಚ್ಚುವ ತನಕ ಬಿಡಲಿಲ್ಲ. ಅವಳನ್ನೇ ನೋಡುತ್ತಾ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ.

ಅವಳು ಬಿಟ್ಟಳು. ಆಮೇಲೆ ಅವನೂ ಬಿಟ್ಟ.

ಸೆಟ್ಟು ಮತ್ತೆ ಸುಯ್ಯೆಂದಿತು. ಆಮೇಲೆ ರೆಮಿಯ ಧ್ವನಿ, ಓಡಿ ಬಂದವನ ಹಾಗೆ.

"ಕೇಳಿದ್ರಾ ಎಲ್ರೂ? ಅವಳು ಮಾತಾಡ್ತಿದ್ಳು, ಅವಳ ಮೇಲೇ ಬಂತು. ಅವಳ ಮೇಲೆ ಅವಳೇ ಹೆಂಗೆ ಒತ್ತೋಕಾಗುತ್ತೆ? ಅವಳಲ್ಲ. ನಾನು ಗುರುವಾರನೇ ಹೇಳಿದ್ದೆ ತಾನೆ, ಅವಳಲ್ಲ ಅಂತ."

"ಸುಳ್ಳ," ಅಂದಳು ಅಲ್ಥಿಯಾ ಮೆಲ್ಲಗೆ, ಗುಂಡಿ ಒತ್ತದೆ. "ಗುರುವಾರ ಪಿಜ್ಜಾ ತಿಂತಾ ಕೂತಿದ್ದ." ಅವಳ ಗಲ್ಲ ಒದ್ದೆಯಾಗಿತ್ತು.

ಹುಡುಗಿ ಉಳಿದಳು. ಉಳಿಸಿದವನು ತನ್ನನ್ನೇ ತೋರಿಸಿಕೊಂಡಿದ್ದ. ಇನ್ನು ಆ ಕೋಣೆಯಲ್ಲಿರುವವರೆಲ್ಲ ಕೇಳುವುದು ಒಂದೇ, ಹಾಗಾದರೆ ಯಾರು?

ಆಲ್ವಿನ್‌ಗೆ ಏನು ಅನಿಸಿತೋ, ಮತ್ತೆ ಒತ್ತಿದ. ಈ ಸಲ ಕಣ್ಣು ಮುಚ್ಚಿಕೊಂಡು. ತುಟಿ ಅಲುಗುತ್ತಿತ್ತು. ಹೇಳಬೇಕಾದದ್ದು ಬಹಳ ಇತ್ತು ಎಂದು ಕಾಣುತ್ತದೆ. ಬಿಡಲಿಲ್ಲ, ಬಿಡಲಿಲ್ಲ. ಒಲೆಯಲ್ಲಿ ಸೌದೆ ಜರುಗಿತು. ಕೊನೆಗೆ ಕೈ ಸೋತು ಬೆರಳು ಸಡಿಲಾಯಿತು.

ಆ ಸಂದಿನಲ್ಲಿ ವರ್ನ್ ಮಾತಾಡಿದ. ಹೆಡ್‌ಮಾಸ್ಟರನ ಧ್ವನಿ ಅಲ್ಲ. ಹಿಂದೆ ಕುರ್ಚಿಗಳ ಸದ್ದೂ ಇರಲಿಲ್ಲ. ಇಡೀ ಸಭೆ ಅವನ ಬಾಯನ್ನೇ ನೋಡುತ್ತಿದ್ದಿರಬೇಕು.

"ಸಾಕು ಆಲ್ವಿನ್. ಕೈ ತೆಗಿಯೋ. ಬೇಡ ಅಂದಿದ್ದೆ ತಾನೆ ನಾನು."

ನಾವು ಎಲ್ಲಿದ್ದೇವೆಂದು ನಾನು ಯಾರಿಗೂ ಹೇಳಿರಲಿಲ್ಲ. ಅಲ್ಥಿಯಾಳ ಕಡೆ ನೋಡಿದೆ. ಅವಳೂ ಇಲ್ಲ ಎಂದು ತಲೆಯಾಡಿಸಿದಳು. ಈ ಅಂಗಳದ ಹಿಮ ತೆಗೆದ ಕೈಯೇ ಗುರುವಾರ ನಕ್ಷೆಯ ಮೇಲೆ ಆ ಗೆರೆ ಎಳೆದಿತ್ತು.

ಆಲ್ವಿನ್‌ ಮೈಕನ್ನು ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.